ಇವತ್ತು ಏನು ಓದಿದೆ ಎಂದು ಕೇಳುವವರು

ಪ್ರೀತಿಯ ತಂಗಿ,

ನಿನ್ನ ಕಾಗದ ಬಂತು. ಧಾರವಾಡದ ಸಪ್ತಾಪುರದ ರೂಮು, ಬೆಳಿಗ್ಗೆ ಬೇಗ ಹೋಗಿ ಹಿಡಿಯುವ ಲೈಬ್ರರಿಯ ಸೀಟು, ಮೆಸ್ಸಿನ ಊಟ, ರಾತ್ರಿ ಮಲಗುವಾಗಿನ ಕಳವಳ, ಎಲ್ಲವನ್ನೂ ಬರೆದಿದ್ದೀಯ. ಪುಸ್ತಕವೂ ಇದೆ, ಹೊತ್ತೂ ಇದೆ, ಆದರೂ ದಿನ ಕೈಜಾರಿ ಹೋಗುತ್ತದೆ, ನನ್ನಲ್ಲೇ ಏನೋ ಕೊರತೆ ಇರಬೇಕು ಎಂದಿದ್ದೀಯಲ್ಲ, ಆ ಮಾತು ನನ್ನನ್ನು ಬಹಳ ಕಾಡಿತು. ಹಾಗಾಗಿ ನೀನು ಕೇಳಿದ ಉಳಿದ ಪ್ರಶ್ನೆಗಳನ್ನೆಲ್ಲ ಬದಿಗಿಟ್ಟು ಇದೊಂದಕ್ಕೇ ಉತ್ತರ ಬರೆಯುತ್ತಿದ್ದೇನೆ.

ಕೊರತೆ ನಿನ್ನಲ್ಲಿಲ್ಲ. ಡಿಗ್ರಿ ಮುಗಿಯುವ ತನಕ ಗಂಟೆ ಬಾರಿಸುವವರಿದ್ದರು, ಹಾಜರಿ ಕೂಗುವವರಿದ್ದರು, ತಿಂಗಳಿಗೊಂದು ಇಂಟರ್ನಲ್ಸ್ ಬಂದು ಎಬ್ಬಿಸುತ್ತಿತ್ತು. ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಕೂತ ದಿನ ಅದೆಲ್ಲ ಒಮ್ಮೆಲೇ ನಿಂತುಹೋಯಿತು. ಮನೆಯಿಂದ ಫೋನು ಬರುತ್ತದೆ, ನಿಜ. ಅಪ್ಪ ‘ಎಕ್ಸಾಮ್ ಯಾವಾಗವಾ?’ ಅಂತಾರೆ, ಅವ್ವ ‘ಊಟ ಆತೇನು?’ ಅಂತಾರೆ. ಎರಡೂ ಪ್ರೀತಿಯಿಂದ ಕೇಳಿದ್ದೇ. ಆದರೆ ಇವತ್ತು ಬೆಳಗಿನಿಂದ ಸಂಜೆಯವರೆಗೆ ಏನು ಓದಿದೆ ಎಂದು ಕೇಳುವ ಜೀವ ಒಂದೂ ಇಲ್ಲ. ಆ ಒಬ್ಬರನ್ನು ನೀನು ಹುಡುಕಿಕೊಳ್ಳಬೇಕು. ನನಗೆ ಹೇಳಲಿಕ್ಕಿರುವುದು ಇಷ್ಟೇ. ಮುಂದಿನದೆಲ್ಲ ಅದರ ವಿವರ.

ಕಂಬೈನ್ಡ್ ಸ್ಟಡಿ ಮಾಡು ಎನ್ನುತ್ತಿದ್ದೇನೆ ಎಂದುಕೊಳ್ಳಬೇಡ. ನಾಲ್ಕು ಜನ ಒಂದೇ ರೂಮಿನಲ್ಲಿ ಕೂತರೆ ಹೇಗಾಗುತ್ತದೆಂದು ನಿನಗೇ ಗೊತ್ತು. ಓದು ನಿನ್ನದೇ, ಒಬ್ಬಳೇ ಕೂತು ಓದಬೇಕು. ದಿನಕ್ಕೊಮ್ಮೆ, ಗೊತ್ತುಮಾಡಿಕೊಂಡ ಹೊತ್ತಿಗೆ, ಹತ್ತು ನಿಮಿಷ ಲೆಕ್ಕ ಒಪ್ಪಿಸಬೇಕು, ಅವರ ಲೆಕ್ಕ ಕೇಳಿಸಿಕೊಳ್ಳಬೇಕು.

ನೀನಿರುವ ಧಾರವಾಡದಲ್ಲೇ ಹಾಗೆ ಮಾಡುತ್ತಿದ್ದ ಇಬ್ಬರು ಹುಡುಗಿಯರನ್ನು ನಾನು ಕಂಡಿದ್ದೇನೆ. ಒಬ್ಬಳು ಕೆಎಎಸ್‌ಗೆ ಓದುತ್ತಿದ್ದಳು, ಇನ್ನೊಬ್ಬಳು ಬಿ.ಎಡ್. ಮುಗಿಸಿ ಟಿಇಟಿಗೆ. ರಾತ್ರಿ ಊಟವಾದ ಮೇಲೆ ಪಿಜಿಯ ಮೆಟ್ಟಿಲ ಮೇಲೆ ಅವರ ಲೆಕ್ಕ ನಡೆಯುತ್ತಿತ್ತು.

‘ಇವತ್ತ ಏನ್ ಓದಿದಿ?’

‘ಪಾಲಿಟಿ. ಕೇಶವಾನಂದ ಭಾರತಿ ಕೇಸ್ ಮುಗಿಸೀನಿ.’

‘ಮುಗಿಸೀನಿ ಅಂದ್ರ? ನನಗ ತಿಳಿಯೂ ಹಂಗ ಹೇಳ ನೋಡೋಣು.’

ಕೆಎಎಸ್ ಹುಡುಗಿ ಗಡಗಡ ಶುರುಮಾಡಿದಳು. 1973, ಹದಿಮೂರು ನ್ಯಾಯಮೂರ್ತಿಗಳ ಪೀಠ, ಏಳು-ಆರರ ತೀರ್ಪು, ಅರ್ಜಿ ಹಾಕಿದವರು ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳು, ಸಂವಿಧಾನವನ್ನು ತಿದ್ದಬಹುದು ಆದರೆ ಅದರ ಮೂಲ ರಚನೆಗೆ ಕೈಹಚ್ಚುವಂತಿಲ್ಲ.

‘ಮೂಲ ರಚನೆ ಅಂದ್ರ ಏನೇನು? ಯಾರ ಹೇಳಬೇಕ ಅದನ್ನ, ಪಾರ್ಲಿಮೆಂಟೋ ಕೋರ್ಟೋ?’

ಅಲ್ಲಿಗೆ ನಿಂತಿತು. ಮಧ್ಯಾಹ್ನವಿಡೀ ಹಳದಿ ಮಾರ್ಕರಿನಲ್ಲಿ ಗೆರೆ ಎಳೆದ ಪುಟ. ಗೊತ್ತಿದೆ ಎಂದೇ ಅವಳು ಅಂದುಕೊಂಡಿದ್ದಳು. ‘ನಾಳೆ ಹೇಳ್ತೀನಿ’ ಎಂದು ಪುಸ್ತಕದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಪ್ರಶ್ನೆ ಗುರುತು ಹಾಕಿಕೊಂಡಳು. ಕೇಳಿದವಳಿಗೆ ಕಾನೂನು ಏನೂ ಗೊತ್ತಿರಲಿಲ್ಲ. ಬಹುಶಃ ಅದಕ್ಕೇ ಅಷ್ಟು ನೇರವಾಗಿ ಕೇಳಿದಳು. ಜೊತೆಗಾತಿ ನಿನ್ನ ಪರೀಕ್ಷೆಗೇ ಓದುತ್ತಿರಬೇಕು, ನಿನಗಿಂತ ಬುದ್ಧಿವಂತೆಯಾಗಿರಬೇಕು ಎಂದೇನೂ ಇಲ್ಲ ಎನ್ನುವುದಕ್ಕೆ ಇದನ್ನು ಹೇಳಿದೆ.

ಓದಿದ್ದನ್ನು ಬಾಯಿಬಿಟ್ಟು ಹೇಳುವುದರಲ್ಲಿ ಇನ್ನೊಂದು ಲಾಭವಿದೆ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ವಿದ್ಯಾರ್ಥಿಗಳು ಒಂದು ಪಾಠವನ್ನು ಮತ್ತೆ ಮತ್ತೆ ಓದಿದರು, ಇನ್ನು ಕೆಲವರು ಓದಿ, ಪುಸ್ತಕ ನೋಡದೆ ನೆನಪಿಸಿಕೊಂಡು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ವಾರ ಕಳೆದ ಮೇಲೆ ಕೇಳಿದರೆ ನೆನಪಿಸಿಕೊಂಡವರ ತಲೆಯಲ್ಲಿ ಹೆಚ್ಚು ಉಳಿದಿತ್ತು. ನಿನ್ನ ಪರೀಕ್ಷೆ ಐದು ನಿಮಿಷಕ್ಕೆ ಬರುವುದಿಲ್ಲ, ತಿಂಗಳುಗಳಾದ ಮೇಲೆ ಬರುತ್ತದೆ. ಒಬ್ಬಳೇ ಇದ್ದಾಗ ನಮ್ಮನ್ನು ನಾವೇ ಪರೀಕ್ಷಿಸಿಕೊಳ್ಳುವುದು ಬೇಸರದ ಕೆಲಸ, ಮತ್ತೊಮ್ಮೆ ಓದಿಬಿಡೋಣ ಎನ್ನಿಸುತ್ತದೆ. ಎದುರಿಗೆ ಕೇಳುವವರು ಕೂತರೆ ಬೇಡವೆಂದರೂ ನೆನಪಿಸಿಕೊಳ್ಳಲೇಬೇಕಾಗುತ್ತದೆ.

ಈಗ ಆ ‘ಕೊರತೆ’ಯ ಮಾತಿಗೆ ಬರುತ್ತೇನೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಕಪ್ಪು ಜನಾಂಗದ ಬಹಳಷ್ಟು ಮಕ್ಕಳು ಕ್ಯಾಲ್ಕುಲಸ್‌ನಲ್ಲಿ ಫೇಲಾಗುತ್ತಿದ್ದರು. ಊರಲ್ಲೆಲ್ಲ ಚುರುಕು ಎನ್ನಿಸಿಕೊಂಡು ಬಂದ ಮಕ್ಕಳೇ ಅವರು. ಅವರಿಗೆ ಛಲವಿಲ್ಲ, ಮನೆಯಲ್ಲಿ ಓದಿನ ವಾತಾವರಣವಿಲ್ಲ ಎಂದೆಲ್ಲ ಅಧ್ಯಾಪಕರು ಕಾರಣ ಕೊಡುತ್ತಿದ್ದರು. ಯೂರಿ ಟ್ರೀಸ್ಮನ್ ಎಂಬ ಗಣಿತದ ಯುವಕ ಊಹೆಗಳನ್ನು ಬಿಟ್ಟು, 20 ಕಪ್ಪು ವಿದ್ಯಾರ್ಥಿಗಳು ಮತ್ತು 20 ಚೀನೀ ಮೂಲದ ವಿದ್ಯಾರ್ಥಿಗಳ ಬೆನ್ನುಹತ್ತಿ, ಅವರು ಹೇಗೆ ಓದುತ್ತಾರೆಂದು ಹತ್ತಿರದಿಂದ ನೋಡಿದ. ಛಲ ಎಲ್ಲರಲ್ಲೂ ಇತ್ತು. ಕಪ್ಪು ಹುಡುಗರು ಶ್ರದ್ಧೆಯಿಂದ, ಆದರೆ ಒಬ್ಬೊಬ್ಬರೇ ಓದುತ್ತಿದ್ದರು. ಚೀನೀ ಹುಡುಗರು ಮೊದಲು ತಾವೇ ಲೆಕ್ಕ ಮಾಡಿ, ಆಮೇಲೆ ಒಟ್ಟಿಗೆ ಕೂತು ಒಬ್ಬರದನ್ನು ಒಬ್ಬರು ನೋಡುತ್ತಿದ್ದರು. ಯಾರಿಗೂ ಬಾರದ ಲೆಕ್ಕ ಸಿಕ್ಕರೆ ಅದು ನಿಜಕ್ಕೂ ಕಠಿಣ ಎಂದು ಅವರಿಗೆ ತಿಳಿಯುತ್ತಿತ್ತು. ಒಂಟಿಯಾಗಿ ಓದಿದವನಿಗೆ ಅದು ತಿಳಿಯುವ ದಾರಿಯೇ ಇಲ್ಲ. ಲೆಕ್ಕ ಬರದಿದ್ದರೆ ತಾನೇ ದಡ್ಡ ಎಂದುಕೊಳ್ಳುತ್ತಾನೆ. ಟ್ರೀಸ್ಮನ್ ಆಮೇಲೆ ಎಲ್ಲರೂ ಕೂಡಿ ಕಠಿಣ ಲೆಕ್ಕ ಬಿಡಿಸುವ ಕಾರ್ಯಾಗಾರ ಶುರುಮಾಡಿದ, ಅದಕ್ಕೆ ಬಂದ ಮಕ್ಕಳ ಫಲಿತಾಂಶ ಬಹಳ ಸುಧಾರಿಸಿತು. ನಿನ್ನ ಕಾಗದ ಓದುವಾಗ ನನಗೆ ಆ ಒಂಟಿ ಮಕ್ಕಳೇ ನೆನಪಾದರು, ತಂಗಿ.

ಯಾರನ್ನು ಆರಿಸಿಕೊಳ್ಳಬೇಕು? ಅತ್ಯಂತ ಆಪ್ತ ಗೆಳತಿಯೇ ಆಗಬೇಕಿಲ್ಲ. ಆಪ್ತರು ಬೇಗ ಕರಗಿ ‘ಹೋಗಲಿ ಬಿಡು’ ಅಂದುಬಿಡುತ್ತಾರೆ. ನಿನ್ನ ಮಾರ್ಕ್ಸು ಕೇಳಿ ತನ್ನದರ ಜೊತೆ ತೂಗಿನೋಡುವವರಂತೂ ಬೇಡವೇ ಬೇಡ. ಹೊತ್ತಿಗೆ ಸರಿಯಾಗಿ ಫೋನೆತ್ತುವವರು, ‘ಇವತ್ತು ಏನೂ ಓದಲಿಲ್ಲ’ ಎಂದರೆ ಬೈಯದೆ ‘ಯಾಕೆ?’ ಎಂದು ಕೇಳುವವರು ಸಿಕ್ಕರೆ ಸಾಕು. ಇವರೆದುರು ಸುಳ್ಳು ಹೇಳಬೇಕು ಎಂದು ಎಂದಾದರೂ ಅನ್ನಿಸಿದರೆ ಅಂದೇ ಬೇರೆಯವರನ್ನು ನೋಡಿಕೋ.

ಇನ್ನೊಂದು ಎಚ್ಚರ. ‘ನಾನು ಎಸಿ ಆಗೇ ಆಗ್ತೀನಿ’ ಎಂದು ವಾಟ್ಸ್ಯಾಪ್ ಸ್ಟೇಟಸ್ ಹಾಕಿ ಊರಿಗೆಲ್ಲ ಸಾರುವುದು ಲೆಕ್ಕ ಒಪ್ಪಿಸಿದಂತಾಗುವುದಿಲ್ಲ. ಜರ್ಮನಿಯ ಪೀಟರ್ ಗೋಲ್ವಿಟ್ಸರ್ ಮತ್ತು ಸಂಗಡಿಗರು 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ತಾವು ಏನಾಗಬೇಕೆಂದಿದ್ದೇವೆ ಎಂಬುದನ್ನು ಇನ್ನೊಬ್ಬರು ಗಮನಿಸಿದರೆ ಸಾಕು, ಆ ದಾರಿಯ ಕೆಲಸಕ್ಕೆ ವಿದ್ಯಾರ್ಥಿಗಳು ಕಡಿಮೆ ಶ್ರಮ ಹಾಕುತ್ತಿದ್ದರು. ಆಗಿಯೇಬಿಟ್ಟೆ ಎಂಬ ತೃಪ್ತಿ ಮೊದಲೇ ಸಿಕ್ಕಿಬಿಡುತ್ತದೆ. ಹಾಗಾಗಿ ಏನಾಗುತ್ತೀ ಎನ್ನುವುದು ನಿನ್ನೊಳಗೇ ಇರಲಿ. ‘ನಾಳೆ ಹತ್ತು ಗಂಟೆಗೆ ಲೈಬ್ರರಿಯಲ್ಲಿ ಕರ್ನಾಟಕ ಏಕೀಕರಣದ ಅಧ್ಯಾಯ’ ಎಂದು ಜೊತೆಗಾತಿಗೆ ಹೇಳು, ಆಯಿತೋ ಇಲ್ಲವೋ ಎಂದು ನಾಳೆ ರಾತ್ರಿ ಹೇಳು.

ಈ ಏರ್ಪಾಡು ನಿಜವಾಗಿ ಕೈಹಿಡಿಯುವುದು ಕೆಟ್ಟ ದಿನಗಳಲ್ಲಿ. 2024ರ ಆಗಸ್ಟ್ 27ರಂದು 384 ಹುದ್ದೆಗಳಿಗೆ ಕೆಪಿಎಸ್‌ಸಿ ಪೂರ್ವಭಾವಿ ಪರೀಕ್ಷೆ ನಡೆಯಿತು. ಕನ್ನಡ ಅನುವಾದದ ತಪ್ಪುಗಳಿಂದ ಗಲಾಟೆಯಾಗಿ, ಮರುಪರೀಕ್ಷೆಗೆ ಸರ್ಕಾರ ಆದೇಶಿಸಿ, ಡಿಸೆಂಬರ್ 29ರಂದು ಮತ್ತೆ ಪರೀಕ್ಷೆಯಾಯಿತು. ಒಮ್ಮೆ ಮುಚ್ಚಿಟ್ಟ ಪುಸ್ತಕವನ್ನು ಮತ್ತೆ ತೆರೆಯಬೇಕಾದ ಕನ್ನಡ ಮಾಧ್ಯಮದ ಮಕ್ಕಳ ಮನಸ್ಸು ಹೇಗಿದ್ದೀತು ಯೋಚಿಸು. ತಪ್ಪು ಅವರದಲ್ಲ, ಶಿಕ್ಷೆ ಮಾತ್ರ ಅವರಿಗೆ. ಅಂಥ ವಾರದಲ್ಲಿ ವೇಳಾಪಟ್ಟಿ ಉಪಯೋಗಕ್ಕೆ ಬರುವುದಿಲ್ಲ. ‘ಬರೇ ಒಂದು ಪುಟ ಓದಿ ಫೋನ್ ಮಾಡು’ ಎನ್ನುವ ದನಿ ಉಪಯೋಗಕ್ಕೆ ಬರುತ್ತದೆ.

ಕಷ್ಟದ ಮಾತೊಂದಿದೆ, ಅದನ್ನೂ ಹೇಳಿಬಿಡುತ್ತೇನೆ. ಒಂದು ದಿನ ಪಟ್ಟಿ ಬಂದು ಅದರಲ್ಲಿ ಒಬ್ಬಳ ನಂಬರು ಇದ್ದು ಇನ್ನೊಬ್ಬಳದು ಇಲ್ಲದಿರಬಹುದು. ಆ ಇಬ್ಬರು ಹುಡುಗಿಯರಲ್ಲಿ ಟಿಇಟಿಯವಳು ಪಾಸಾದಳು, ಕೆಎಎಸ್‌ನವಳು ಪ್ರಿಲಿಮ್ಸ್‌ನಲ್ಲೇ ನಿಂತಳು. ಕೆಲವು ದಿನ ಮೆಟ್ಟಿಲ ಮೇಲೆ ಯಾರೂ ಬರಲಿಲ್ಲವಂತೆ. ಆಮೇಲೆ ಪಾಸಾದವಳೇ ಹೋಗಿ ಬಾಗಿಲು ಬಡಿದು, ಸಮಾಧಾನ ಗಿಮಾಧಾನ ಏನೂ ಹೇಳದೆ, ‘ಇವತ್ತ ಏನ್ ಓದಿದಿ?’ ಎಂದಳಂತೆ. ಈಗ ಅವಳು ಬೇರೆ ಊರಿನಲ್ಲಿದ್ದರೂ ರಾತ್ರಿಯ ಫೋನು ತಪ್ಪಿಲ್ಲ. ಹೀಗಾದರೆ ಏನು ಮಾಡೋಣ ಎಂದು ಮೊದಲ ದಿನವೇ ಮಾತಾಡಿಕೊಳ್ಳಿ. ಮಾತಾಡಿಟ್ಟರೆ ಆಮೇಲೆ ಬಾಗಿಲು ಬಡಿಯುವುದು ಸ್ವಲ್ಪ ಸುಲಭ.

ಲೈಬ್ರರಿಯಲ್ಲಿ ನಿನ್ನ ಎದುರಿನ ಸೀಟಿನಲ್ಲಿ ದಿನಾ ಕೂರುವ ಹಾವೇರಿಯ ಹುಡುಗಿಯ ಬಗ್ಗೆ ಬರೆದಿದ್ದೀಯಲ್ಲ, ಚಹಾಕ್ಕೆ ಏಳುವಾಗ ಅವಳನ್ನೇ ಕೇಳಿ ನೋಡು. ಮೊದಲು ಹದಿನೈದು ದಿನಕ್ಕೆ ಮಾತ್ರ ಒಪ್ಪಿಸು, ಹಿಡಿಸದಿದ್ದರೆ ಇಬ್ಬರಿಗೂ ಬಿಡುವ ಸ್ವಾತಂತ್ರ್ಯ ಇರಲಿ. ಅವಳು ಒಲ್ಲೆ ಅಂದರೆ ಬೇಸರ ಬೇಡ. ಇನ್ನೊಬ್ಬರು ಸಿಗುವ ತನಕ ಭಾನುವಾರ ಸಂಜೆ ನನಗೇ ನಾಲ್ಕು ಸಾಲು ಬರೆದು ಹಾಕು: ಏನು ಓದಿದೆ, ಏನು ಬಿಟ್ಟೆ, ಮುಂದಿನ ವಾರಕ್ಕೆ ಏನು. ನಾನು ಓದುತ್ತೇನೆ, ಕೇಳುತ್ತೇನೆ ಕೂಡ.

ನಿನ್ನ
ಅಕ್ಕ