ಅಪ್ಪಯ್ಯನ ಆರ್‌ಎಕ್ಸ್‌ಗೆ ಪೋರ್ಟಿಂಗ್ ಮಾಡಿಸಿದ್ದು

ಹಳೆ ಬೈಕಿನ ಎಂಜಿನ್‌ಗೇ ಕೆಲಸ ಮಾಡಿಸಿ ಸ್ಪೀಡ್ ಹೆಚ್ಚಿಸೋದಾ? ಇಲ್ಲ, ಅದನ್ನು ಮಾರಿ ಸ್ಪೀಡ್ ಬೈಕನ್ನೇ ತಗೊಳ್ಳೋದಾ? ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಕಾಲೇಜಿಗೆ ಹೋಗುವ ಹುಡುಗರಿರುವ ಮನೆಗಳಲ್ಲಿ ಈ ಪ್ರಶ್ನೆ ಒಮ್ಮೆಯಾದರೂ ಬಂದಿರುತ್ತದೆ. ನಮ್ಮನೆಯಲ್ಲೂ ಬಂದಿತ್ತು. ನಾನು ಆರಿಸಿಕೊಂಡ ಉತ್ತರ ತಪ್ಪಾಗಿತ್ತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅಪ್ಪಯ್ಯನ ಹತ್ತಿರ 1994ರಲ್ಲಿ ಕೊಂಡ ಯಮಹಾ ಆರ್‌ಎಕ್ಸ್ 100 ಇತ್ತು. 98 ಸಿಸಿ, ಟು ಸ್ಟ್ರೋಕ್, 11 ಹಾರ್ಸ್‌ಪವರ್. ತೂಕ ನೂರು ಕಿಲೋ ಆಸುಪಾಸು. ಹಗುರವಾಗಿದ್ದರಿಂದಲೇ ಅದು ಜಿಗಿಯುತ್ತಿತ್ತು. 1996ರಲ್ಲಿ ಆ ಮಾಡೆಲ್ ತಯಾರಿ ನಿಂತರೂ ನಮ್ಮ ಕಡೆ ಅದರ ಮೇಲಿನ ಪ್ರೀತಿ ನಿಂತಿಲ್ಲ. ನಾನು ಡಿಗ್ರಿ ಕೊನೆ ವರ್ಷದಲ್ಲಿದ್ದಾಗ ಗಾಡಿ ನನ್ನ ಕೈಗೆ ಬಂತು.

ಅದೇ ವರ್ಷ ದೊಡ್ಡಪ್ಪನ ಮಗ ಕೆಟಿಎಂ ಡ್ಯೂಕ್ 200 ತಂದ. 25 ಹಾರ್ಸ್‌ಪವರ್. ಶಿರಸಿಯಿಂದ ಹೊರಟರೆ ಭೈರುಂಬೆ ದಾಟುವಷ್ಟರಲ್ಲಿ ಅವನು ಕಣ್ಣಿಗೇ ಕಾಣುತ್ತಿರಲಿಲ್ಲ. ನನಗೆ ಹೊಟ್ಟೆಯುರಿ. ಹಾಗಂತ ಅಪ್ಪಯ್ಯನ ಗಾಡಿ ಮಾರುವ ಮನಸ್ಸಿಲ್ಲ, ಹೊಸದು ತರುವ ದುಡ್ಡೂ ಇಲ್ಲ.

ಮಳೆಗಾಲದ ಮುಂಚೆ ಅಡಿಕೆ ಕೊಟ್ಟು ಬಂದ ದಿನ ಅಪ್ಪಯ್ಯ ನನಗೆ 14,000 ರೂಪಾಯಿ ಎಣಿಸಿ ಕೊಟ್ಟ. "ಮಳೆ ಬತ್ತು. ಬ್ರೇಕು, ಟೈರು ಮೊದ್ಲು ಹಾಕ್ಸು ತಮಾ" ಅಂದ. ನಾನು ಹೂಂ ಅಂದೆ. ಆ ದುಡ್ಡು ತಗೊಂಡು ಸೀದಾ ಪೋರ್ಟಿಂಗ್ ಮಾಡುವವನ ಹತ್ತಿರ ಹೋದೆ.

ಪೋರ್ಟಿಂಗ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಟು ಸ್ಟ್ರೋಕ್ ಎಂಜಿನ್‌ನ ಸಿಲಿಂಡರ್ ಗೋಡೆಯಲ್ಲೇ ಕಿಂಡಿಗಳಿರುತ್ತವೆ. ಪಿಸ್ಟನ್ ಮೇಲೆ ಕೆಳಗೆ ಆಡುತ್ತ ಅವನ್ನು ತೆರೆದು ಮುಚ್ಚುತ್ತದೆ. ಒಂದರಿಂದ ಹೊಗೆ ಹೊರಗೆ ಹೋಗುತ್ತದೆ, ಉಳಿದವುಗಳಿಂದ ಪೆಟ್ರೋಲ್ ಗಾಳಿ ಒಳಗೆ ಬರುತ್ತದೆ. ಆ ಕಿಂಡಿಗಳನ್ನು ಅರೆದು ದೊಡ್ಡದು ಮಾಡಿದರೆ, ಎಂಜಿನ್ ಜೋರಾಗಿ ತಿರುಗುವಾಗ ಪವರ್ ಹೆಚ್ಚುತ್ತದೆ. ಆದರೆ ನಿಧಾನ ಹೋಗುವಾಗಿನ ಎಳೆತ ಕಡಿಮೆಯಾಗುತ್ತದೆ. ಹೆಡ್ಡನ್ನು ಲೇತ್‌ಗೆ ಕೊಟ್ಟು ತೆಳು ಮಾಡಿಸಿದರೆ ಒತ್ತಡ ಏರುತ್ತದೆ, ಅದರ ಜೊತೆ ಬಿಸಿಯೂ ಏರುತ್ತದೆ. ನಾನು ಎರಡನ್ನೂ ಮಾಡಿಸಿದೆ. ಬೋರ್ ಹೊಡೆಸಿ ಹೊಸ ಪಿಸ್ಟನ್ ಹಾಕಿಸಿದೆ. ಮೇಲೆ ಒಂದು ಚೇಂಬರ್ ಸೈಲೆನ್ಸರ್. ಹದಿನಾಲ್ಕು ಸಾವಿರವೂ ಮುಗಿಯಿತು. ಬ್ರೇಕ್ ಶೂ ಹಳೆಯದೇ, ಹಿಂದಿನ ಟೈರು ಬೋಳು.

ಮೊದಲ ವಾರ ಹಬ್ಬ. ನೇರ ರಸ್ತೆಯಲ್ಲಿ ಡ್ಯೂಕ್ ಹಿಂದೆಯೇ ಇರುತ್ತಿದ್ದೆ. ಆದರೆ ಹಿಂದೆ ಅಡಿಕೆ ಚೀಲ ಕಟ್ಟಿಕೊಂಡು ಮನೆಯ ದರೆ ಹತ್ತಿಸಬೇಕಾದರೆ ಗಾಡಿ ಉಸಿರು ಕಟ್ಟುತ್ತಿತ್ತು. ಅದನ್ನು ಯಾರಿಗೂ ಹೇಳಲಿಲ್ಲ.

ಜೂನ್ ಕೊನೆಗೆ ತಂಗಿಯನ್ನು ಕೂರಿಸಿಕೊಂಡು ಕುಮಟಾಕ್ಕೆ ಹೊರಟೆ. ದೇವಿಮನೆ ಘಾಟಿ ಇಳಿಯುತ್ತಿದ್ದೆವು, ಸಣ್ಣ ಮಳೆ. ಇಳಿಜಾರಲ್ವಾ ಅಂತ ಎಕ್ಸಲೇಟರ್ ಪೂರ್ತಿ ಬಿಟ್ಟು, ಗೇರ್‌ನಲ್ಲೇ ಇಳಿಸುತ್ತಿದ್ದೆ. ಈ ಗಾಡಿಯಲ್ಲಿ ಆಯಿಲ್ ಪಂಪಿಗೂ ಎಕ್ಸಲೇಟರ್‌ಗೂ ಸಂಬಂಧ ಇದೆ. ಎಕ್ಸಲೇಟರ್ ಬಿಟ್ಟರೆ ಎಂಜಿನ್ ತಿರುಗುತ್ತಲೇ ಇದ್ದರೂ ಆಯಿಲ್ ಸ್ವಲ್ಪವೇ ಹೋಗುತ್ತದೆ. ಮೊದಲೇ ಬಿಸಿ ಏರಿಸಿಕೊಂಡ ಎಂಜಿನ್. ಒಂದು ತಿರುವಿಗೆ ಬರುವಾಗ ಸದ್ದು ಬದಲಾಯಿತು, ಹಿಂದಿನ ಚಕ್ರ ಕಚ್ಚಿಕೊಂಡು ಜಾರಿತು. ಪಿಸ್ಟನ್ ಸೀಜ್ ಆಗಿತ್ತು. ಕೈ ತಾನಾಗಿ ಕ್ಲಚ್ ಹಿಡಿಯಿತು. ಚಕ್ರ ಬಿಟ್ಟಿತು, ಗಾಡಿ ಮತ್ತೆ ಇಳಿಜಾರಿನಲ್ಲಿ ಓಡತೊಡಗಿತು. ಈಗ ನಿಲ್ಲಿಸಲು ಇದ್ದಿದ್ದು ಬ್ರೇಕ್ ಮಾತ್ರ.

ಬ್ರೇಕ್ ಹಿಡಿಯಲಿಲ್ಲ. ಒಂದು ಬದಿ ಕಣಿವೆ, ಎದುರಿನಿಂದ ಲಾರಿ. ಗುಡ್ಡದ ಬದಿಯ ಗಟಾರಕ್ಕೆ ಗಾಡಿ ಹಾಕಿದೆ. ನನಗೆ ಮೊಣಕಾಲು ತರಚಿತು. ತಂಗಿಯ ಬಲಗೈ ಮುರಿಯಿತು. ಎರಡು ತಿಂಗಳು ಅವಳು ಎಡಗೈಯಲ್ಲಿ ಊಟ ಮಾಡಿದಳು.

ಅಪ್ಪಯ್ಯ ಬೈಯಲಿಲ್ಲ. ಬಿಚ್ಚಿಟ್ಟ ಪಿಸ್ಟನ್ ಕೈಯಲ್ಲಿ ಹಿಡಿದು ಗೀರುಗಳನ್ನು ನೋಡಿದ. "ಆನು ದುಡ್ಡು ಕೊಟ್ಟಿದ್ದು ಬ್ರೇಕಿಗಲ್ದಾ?" ಅಂದ. ಅಷ್ಟೇ.

ಹಾಗಾದರೆ ದೊಡ್ಡಪ್ಪನ ಮಗ ಮಾಡಿದ್ದೇ ಸರಿಯಾ? ಸ್ಪೀಡೇ ಬೇಕು ಅನ್ನುವವರಿಗೆ ಹೌದು. ಡ್ಯೂಕ್‌ನ ಚಾಸಿ, ಎರಡೂ ಚಕ್ರದ ಡಿಸ್ಕ್ ಬ್ರೇಕು, ನೀರಿನಿಂದ ತಣ್ಣಗಾಗುವ ಎಂಜಿನ್, ಎಲ್ಲವನ್ನೂ ಆ 25 ಹಾರ್ಸ್‌ಪವರ್‌ಗೆ ಲೆಕ್ಕ ಹಾಕಿಯೇ ಮಾಡಿದ್ದಾರೆ. 2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಹೊಸ ಬೈಕುಗಳಿಗೆಲ್ಲ ಎಬಿಎಸ್ ಕಡ್ಡಾಯ. ನಾನು ಬದಲಿಸಿದ್ದು ಎಂಜಿನ್ ಒಂದನ್ನೇ. ಉಳಿದ ಗಾಡಿ 11 ಹಾರ್ಸ್‌ಪವರ್‌ನದ್ದೇ ಆಗಿತ್ತು. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ಗಾಡಿ ನಿಲ್ಲಲು ನಾಲ್ಕು ಪಟ್ಟು ದೂರ ಬೇಕು. ಕಿಂಡಿ ಅರೆದವನು ಇದನ್ನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಕಾನೂನೂ ಇದೆ. ಕಂಪನಿ ಕೊಟ್ಟ ಗಾಡಿಯನ್ನು ಅನುಮತಿ ಇಲ್ಲದೆ ಬದಲಿಸಿದರೆ, ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ಮಾಲೀಕನಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಅಪಘಾತವಾದಾಗ ವಿಮೆಗೂ ತಕರಾರು ಬರಬಹುದು. ಆರ್‌ಸಿ ಇದ್ದಿದ್ದು ಅಪ್ಪಯ್ಯನ ಹೆಸರಲ್ಲಿ.

ಇನ್ನೊಂದು ಮಾತು. ಶಿರಸಿಯಿಂದ ಯಲ್ಲಾಪುರಕ್ಕೆ ಸುಮಾರು 50 ಕಿಲೋಮೀಟರ್. ಈ ತಿರುವು, ಹೊಂಡ, ಎದುರು ಬರುವ ಬಸ್ಸುಗಳ ನಡುವೆ ಡ್ಯೂಕ್ ನನಗಿಂತ ಹತ್ತು ನಿಮಿಷ ಮೊದಲು ಮುಟ್ಟುತ್ತಿತ್ತು. ನಾನು ಹದಿನಾಲ್ಕು ಸಾವಿರ ಸುರಿದಿದ್ದು ಆ ಹತ್ತು ನಿಮಿಷಕ್ಕೆ.

ಮಾರಿದ ಗಾಡಿಯನ್ನು ಬೇಕಾದರೆ ಮತ್ತೆ ಹುಡುಕಿ ಕೊಳ್ಳಬಹುದು. ಅರೆದ ಕಬ್ಬಿಣ ತಿರುಗಿ ಕೂಡುವುದಿಲ್ಲ. ಆ ಬ್ಲಾಕ್ ಈಗ ಕೊಟ್ಟಿಗೆಯ ಮೂಲೆಯಲ್ಲಿದೆ. ಎಂಟು ತಿಂಗಳು ಹುಡುಕಿ ಅರೆಯದ ಹಳೆ ಬ್ಲಾಕ್ ಒಂದನ್ನು ತಂದು ಹಾಕಿಸಿದೆ. ಹೊಸ ಬ್ರೇಕ್ ಶೂ, ಎರಡು ಟೈರು, ಚೈನ್ ಸೆಟ್ ಹಾಕಿಸಿದೆ. ಘಾಟಿ ಇಳಿಯುವಾಗ ಆಗಾಗ ಕ್ಲಚ್ ಹಿಡಿದು ಸ್ವಲ್ಪ ಎಕ್ಸಲೇಟರ್ ಕೊಡುತ್ತೇನೆ, ಎಂಜಿನ್‌ಗೆ ಆಯಿಲ್ ಸಿಗಲಿ ಅಂತ. ನಿಮ್ಮನೆಯಲ್ಲೂ ಹಳೆ ಟು ಸ್ಟ್ರೋಕ್ ಇದ್ದರೆ ಇದೊಂದು ನೆನಪಿಡಿ.

ತಂಗಿ ಈಗಲೂ ನನ್ನ ಹಿಂದೆ ಕೂರುತ್ತಾಳೆ. ಆದರೆ ಹತ್ತುವ ಮೊದಲು, "ಅಣ್ಣಾ, ಬ್ರೇಕ್ ಹಿಡ್ದು ತೋರ್ಸು" ಅನ್ನುತ್ತಾಳೆ. ನಾನು ಅಂಗಳದಲ್ಲಿ ಒಂದು ಸುತ್ತು ಹೊಡೆದು, ಬ್ರೇಕ್ ಹಿಡಿದು ತೋರಿಸುತ್ತೇನೆ. ಆಮೇಲೆ ಹೆಲ್ಮೆಟ್ ಹಾಕಿಕೊಂಡು ಹತ್ತುತ್ತಾಳೆ.