ಸುಳ್ಳು ತಕರಾರು

ಗಣಕಯಂತ್ರಕ್ಕೆ ಪ್ರೋಗ್ರಾಮು ಬರೆಯುವುದೂ ಒಂದು ಬಗೆಯ ಬರವಣಿಗೆಯೇ. ಅಲ್ಲಿಯೂ ಕಾಗುಣಿತವುಂಟು, ಅಂದಚಂದವುಂಟು. ಕರಡು ತಿದ್ದುವವನೂ ಉಂಟು. ಆದರೆ ಈತ ಮನುಷ್ಯನಲ್ಲ, ತಾನೂ ಒಂದು ಪ್ರೋಗ್ರಾಮು. 1970ರ ದಶಕದಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಸ್ಟೀಫನ್ ಜಾನ್ಸನ್ ಎಂಬವರು ಸಿ ಭಾಷೆಗಾಗಿ ಇಂಥದೊಂದನ್ನು ರಚಿಸಿ ‘ಲಿಂಟ್’ ಎಂದು ಹೆಸರಿಟ್ಟರು. ಬಟ್ಟೆಗೆ ಅಂಟಿಕೊಳ್ಳುವ ನೂಲಿನ ಜುಂಗು ಎಂದು ಆ ಮಾತಿನ ಅರ್ಥ. ಜುಂಗನ್ನು ಕೊಡವಿ ತೆಗೆಯುವುದೇನೋ ಸರಿ. ಸೀರೆಯ ಜರಿಯನ್ನೇ ಜುಂಗೆಂದು ಕಿತ್ತರೆ?

ಇಂಥ ಪರಿಶೀಲಕಗಳಿಗೆ ಅಂಟಿದ ಹಳೆಯ ವ್ಯಾಧಿಯಿದು. ಪೈಥಾನ್ ಭಾಷೆಗೆ 2001ರಲ್ಲಿ ಬರೆದ ಶೈಲಿಸೂತ್ರದ ಪ್ರಕಾರ ಒಂದು ಸಾಲು 79 ಅಕ್ಷರಗಳನ್ನು ಮೀರಕೂಡದು. ನಿಯಮ ಸುಲಭ, ಎಣಿಕೆ ಮಾತ್ರ ಸುಲಭವಲ್ಲ. ಆ ಭಾಷೆಯ ಎರಡನೆಯ ಆವೃತ್ತಿಯಲ್ಲಿ ಸಾಲಿನ ಉದ್ದವನ್ನು ಬೈಟುಗಳಲ್ಲಿ ಅಳೆಯುವುದು ವಾಡಿಕೆಯಾಗಿತ್ತು. ಯುಟಿಎಫ್-8 ಕ್ರಮದಲ್ಲಿ ಇಂಗ್ಲಿಷಿನ ಅಕ್ಷರವೊಂದಕ್ಕೆ ಒಂದು ಬೈಟು ಸಾಕು. ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೇಕು. ‘ಸ್ತ್ರೀ’ ಎಂಬ ಒಂದಕ್ಷರವೇ ಆರು ಚಿಹ್ನೆ, ಹದಿನೆಂಟು ಬೈಟು! ಹೀಗೆ ಅಳೆದರೆ 27 ಚಿಹ್ನೆಗಳ ಪುಟ್ಟ ಕನ್ನಡ ಟಿಪ್ಪಣಿಯೂ 81 ಆಗಿ ಅಪರಾಧಿಯ ಸ್ಥಾನದಲ್ಲಿ ನಿಲ್ಲಬೇಕು. ಬರೆದವನು ಮಾಡಿದ ತಪ್ಪೇನು? ಕನ್ನಡದಲ್ಲಿ ಬರೆದದ್ದು.

‘ಪೈಕೋಡ್‌ಸ್ಟೈಲ್’ ಎಂಬ ಪರಿಶೀಲಕವು ಇದಕ್ಕೆ ಕಂಡುಕೊಂಡ ಉಪಾಯ ಸಜ್ಜನರದು. ಸಾಲು ಮಿತಿ ಮೀರಿದಂತೆ ತೋರಿದಾಗ ತಟ್ಟನೆ ಗದರದೆ, ಬೈಟುಗಳನ್ನು ಬಿಡಿಸಿ ಚಿಹ್ನೆಗಳನ್ನು ಮತ್ತೆ ಎಣಿಸುವುದು. ಟಿಪ್ಪಣಿಯಲ್ಲಿ ಮುರಿಯಲಾಗದ ಉದ್ದನೆಯ ಜಾಲವಿಳಾಸವೊಂದೇ ಇದ್ದರೆ ಅದನ್ನೂ ಕಂಡೂ ಕಾಣದಂತೆ ಬಿಡುವುದು.

ನಿಯಮವೇ ಮಗುಚಿದರೆ? ಉದ್ದನೆಯ ಲೆಕ್ಕವನ್ನು ಎರಡು ಸಾಲಾಗಿಸುವಾಗ ಕೂಡುವ ಚಿಹ್ನೆ ಮೇಲಿನ ಸಾಲಿನ ಕೊನೆಗಿರಬೇಕೆ, ಕೆಳಗಿನ ಸಾಲಿನ ಮೊದಲಿಗಿರಬೇಕೆ? 2016ರಲ್ಲಿ ಶೈಲಿಸೂತ್ರವು ಮೊದಲಿನ ಮತವನ್ನು ಬಿಟ್ಟು ಎರಡನೆಯದನ್ನು ಹಿಡಿಯಿತು. ಪರಿಶೀಲಕದಲ್ಲಿ ಈಗ ಎರಡೂ ಪಕ್ಷದ ಎಚ್ಚರಿಕೆಗಳಿವೆ. ಯಾರಾದರೂ ಕೇಳುವವರೆಗೆ ಎರಡೂ ಬಾಯಿ ತೆರೆಯುವುದಿಲ್ಲ. ಬಹಳ ಮನೆಗಳಲ್ಲಿ ಇಲ್ಲದ ವಿವೇಕ!

ಈ ಮೌನಕ್ಕೆ ಬೆಲೆಯುಂಟು. ದಿನವಿಡೀ ಸುಮ್ಮನೆ ಗೊಣಗುವ ಅತ್ತೆ ಒಂದು ದಿನ ಹಾಲು ಉಕ್ಕುತ್ತಿದೆಯೆಂದು ಕೂಗಿದರೂ ಒಳಮನೆಯಿಂದ ಯಾರೂ ಏಳುವುದಿಲ್ಲ. ತಪ್ಪು ಹುಡುಕುವ ಪ್ರೋಗ್ರಾಮನ್ನೇ ಮಾರುತ್ತಿದ್ದ ಕವರಿಟಿ ಸಂಸ್ಥೆಯವರು 2010ರಲ್ಲಿ ತಮ್ಮ ಅನುಭವ ಬರೆದರು: ಸುಳ್ಳು ದೂರುಗಳು ಶೇಕಡ 30ನ್ನು ದಾಟಿದರೆ ಜನ ಉಪಕರಣವನ್ನೇ ಅಲಕ್ಷಿಸುತ್ತಾರೆ. ಗೂಗಲ್ ಸಂಸ್ಥೆಯವರು 2018ರಲ್ಲಿ ಇನ್ನೂ ಮುಂದೆ ಹೋದರು. ದೂರು ನಿಜವೇ ಆಗಿರಲಿ, ಓದಿದವನು ಏನನ್ನೂ ತಿದ್ದದಿದ್ದರೆ ಅದು ಸುಳ್ಳಿನ ಲೆಕ್ಕಕ್ಕೇ ಸೇರಿತು. ಅಂಥವು ಶೇಕಡ 10ರೊಳಗಿರಬೇಕು. ನಿಷ್ಠುರವಾದ ಅಳತೆ, ಆದರೆ ನ್ಯಾಯವಾದದ್ದು.

ಬೇಸತ್ತವನ ಕೈಯಲ್ಲಿ ಒಂದು ಅಸ್ತ್ರವಿದೆ. ‘ಫ್ಲೇಕ್‌8’ ಎಂಬ ಪರಿಶೀಲಕದಲ್ಲಿ ಸಾಲಿನ ಕೊನೆಗೆ ‘ನೋಕ್ಯುಎ’ ಎಂದು ಗುರುತಿಟ್ಟರೆ ಬಾಯಿ ಕಟ್ಟುತ್ತದೆ. ಇಂಥ ದೂರು ಮಾತ್ರ ಬೇಡವೆಂದು ಅದರ ಸಂಖ್ಯೆಯನ್ನೂ ಬರೆಯಬಹುದು. ಬೇಸರದಲ್ಲಿ ಅಷ್ಟು ತಾಳ್ಮೆ ಯಾರಿಗಿರುತ್ತದೆ? ಬರಿಯ ಗುರುತನ್ನಿಟ್ಟು ಮುಂದೆ ನಡೆಯುತ್ತಾರೆ. ಆರು ತಿಂಗಳ ಮೇಲೆ ಅದೇ ಸಾಲಿನಲ್ಲಿ ಇನ್ನಾರೋ ಇಲ್ಲದ ಹೆಸರೊಂದನ್ನು ಬಳಸಿದಾಗ, ಯಂತ್ರವು ಅದನ್ನು ಕಂಡಿದ್ದರೂ ಹೇಳುವುದಿಲ್ಲ.