ಬಾನ್ ಕ್ರುವಾದ ಕೈಮಗ್ಗ

ಕಳೆದ ದಸರಾ ರಜೆಯಲ್ಲಿ ನಾವು ಗೆಳೆಯರು ನಾಲ್ವರು ಬ್ಯಾಂಕಾಕಿಗೆ ಹೋಗಿಬಂದೆವು. ಅದು ಉಮ್ರಾ ಯಾತ್ರೆಯಲ್ಲ, ಜ್ಞಾನಾರ್ಜನೆಯ ಪಯಣವೂ ಅಲ್ಲ; ಮುಚ್ಚಿಟ್ಟು ಫಲವೇನು, ಖರೀದಿಗೆಂದೇ ಹೋದದ್ದು. ಆರ್.ಟಿ. ನಗರದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಗೆಳೆಯರೊಬ್ಬರಿಗೆ ಹೊಸ ಮಾದರಿಗಳು ಬೇಕಿದ್ದವು. ಇನ್ನಿಬ್ಬರಿಗೆ ಮಕ್ಕಳ ಉಡುಪು. ನಮ್ಮ ಜೇಬಿನಲ್ಲಿ ಮನೆಯವರು ಬರೆದುಕೊಟ್ಟ ಪಟ್ಟಿ. ಹೆಬ್ಬಾಳದ ಮೇಲ್ಸೇತುವೆ ದಾಟಿ, ಯಲಹಂಕವನ್ನು ಹಿಂದಿಕ್ಕಿ ಬಳ್ಳಾರಿ ರಸ್ತೆಯಲ್ಲಿ ವಿಮಾನ ನಿಲ್ದಾಣದ ಕಡೆಗೆ ಸಾಗುವಾಗಲೆಲ್ಲ ನಮ್ಮ ಮನಸ್ಸು ಇನ್ನೂ ಮುಂದಕ್ಕೆ ಓಡುತ್ತದೆ. ಅದೇ ದಿಕ್ಕಿನಲ್ಲಿ ಟಿಪ್ಪು ಸುಲ್ತಾನರು ಜನಿಸಿದ ದೇವನಹಳ್ಳಿ, ಅದರಾಚೆ ನಮ್ಮ ಹುಟ್ಟೂರು ಶಿಡ್ಲಘಟ್ಟ. ನಮ್ಮ ತಂದೆಯವರು ಅಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆಯಿಂದಲೇ ನಮ್ಮನ್ನು ಸಾಕಿದರು.

ಬ್ಯಾಂಕಾಕಿನಲ್ಲಿ ನಮ್ಮ ವಾಸ ಪ್ರತುನಾಮ್ ಬಡಾವಣೆಯಲ್ಲಿ. ಹದಿನೈದು ದಿನಕ್ಕಿಂತ ಕಡಿಮೆ ತಂಗುವ ಹನಫಿ ಮುಸಾಫಿರರಾದ್ದರಿಂದ ನಾಲ್ಕು ರಕಅತ್‌ನ ನಮಾಝನ್ನು ಎರಡಕ್ಕೆ ಇಳಿಸಿ ಕೋಣೆಯಲ್ಲೇ ನಿರ್ವಹಿಸುತ್ತಿದ್ದೆವು. ಹಗಲೆಲ್ಲ ಮಾರುಕಟ್ಟೆ. ಅಲ್ಲಿ ಭಾಷೆಯ ತೊಡಕಿಲ್ಲ: ಅಂಗಡಿಯಾಕೆ ಕ್ಯಾಲ್ಕುಲೇಟರಿನಲ್ಲಿ ಒಂದು ಅಂಕಿ ಒತ್ತುತ್ತಾಳೆ, ನಾವು ಅದರ ಅರ್ಧವನ್ನು ಒತ್ತುತ್ತೇವೆ, ಆಕೆ ನಗುತ್ತಾಳೆ, ನಾವು ಹೊರಟಂತೆ ನಟಿಸುತ್ತೇವೆ. ಎರಡು ದಿನಗಳಲ್ಲಿ ನಾವು ಇದರಲ್ಲಿ ನಿಪುಣರಾದೆವು. ಗೆಳೆಯರು ನಮ್ಮನ್ನು ಮುಂದೆ ಬಿಟ್ಟು ಹಿಂದೆ ನಿಲ್ಲತೊಡಗಿದರು. ಉಸ್ತಾದರಿಗೆ ಈ ಹೊಗಳಿಕೆ ಹಿತವಾಗಿತ್ತೆಂಬುದನ್ನು ಒಪ್ಪಿಕೊಳ್ಳಬೇಕು.

ಮೂರನೆಯ ದಿನ ಸೇನ್ ಸೇಪ್ ಕಾಲುವೆಯ ದೋಣಿ ಹತ್ತಿ ಬಾನ್ ಕ್ರುವಾ ಎಂಬ ಕೇರಿಯಲ್ಲಿ ಇಳಿದೆವು. ದೊಡ್ಡ ಮಾಲುಗಳಿಂದ ಕೂಗಳತೆಯ ದೂರ. ಇಲ್ಲಿರುವವರು ಚಾಮ್ ಮುಸ್ಲಿಮರು. ಇವರ ಹಿರಿಯರು ಕಾಂಬೋಡಿಯಾ ಕಡೆಯಿಂದ ಬಂದು, ಮೊದಲನೆಯ ರಾಮ ದೊರೆಯ ಕಾಲದಲ್ಲಿ, ಅಂದರೆ 18ನೇ ಶತಮಾನದ ಕೊನೆಯಲ್ಲಿ, ಬರ್ಮಾದ ಸೇನೆಯೆದುರು ಹೋರಾಡಿ ಈ ನೆಲವನ್ನು ಪಡೆದರು. ನಮ್ಮ ಮೈಸೂರು ಸೀಮೆಯಲ್ಲಿ ಟಿಪ್ಪು ಸುಲ್ತಾನರು ರೇಷ್ಮೆಗೆ ಬುನಾದಿ ಹಾಕಿದ ಕಾಲವೂ ಅದೇ. ಎರಡನೆಯ ಮಹಾಯುದ್ಧದ ನಂತರ ಜಿಮ್ ಥಾಂಪ್ಸನ್ ಎಂಬ ಅಮೆರಿಕನ್ ಇವರಿಂದ ರೇಷ್ಮೆ ನೇಯಿಸಿ ಲೋಕಕ್ಕೆಲ್ಲ ಮಾರಿದರು. 1967ರಲ್ಲಿ ಮಲೇಷ್ಯಾದ ಗುಡ್ಡಗಾಡಿನಲ್ಲಿ ಅವರು ಕಣ್ಮರೆಯಾದರು. ಕಾಲುವೆಯ ಆಚೆ ದಡದ ಅವರ ಮನೆ ಈಗ ವಸ್ತುಸಂಗ್ರಹಾಲಯ. ಅದಕ್ಕೆ ಪ್ರವಾಸಿಗರ ಸಾಲು, ಈಚೆ ದಡಕ್ಕೆ ಬರುವವರು ಅಪರೂಪ. 1980ರ ದಶಕದ ಕೊನೆಯಲ್ಲಿ ಈ ಕೇರಿಯ ಮೂಲಕ ಎತ್ತರದ ಹೆದ್ದಾರಿ ಹಾಯಿಸುವ ಯೋಜನೆ ಬಂದಾಗ ಜನರು ವರ್ಷಗಟ್ಟಲೆ ಹೋರಾಡಿ ತಮ್ಮ ಮಸೀದಿಯನ್ನೂ ಮನೆಗಳನ್ನೂ ಉಳಿಸಿಕೊಂಡರು. ಮಗ್ಗದ ಸದ್ದು ಮಾತ್ರ ಈಗ ಬೆರಳೆಣಿಕೆಯ ಮನೆಗಳಲ್ಲಿ.

ಅಲ್ಲಿಯವರು ನಮ್ಮ ಕರಾವಳಿಯ ಬ್ಯಾರಿ ಸಹೋದರರಂತೆ ಶಾಫಿಈಗಳು. ಅಸರ್ ನಮ್ಮದಕ್ಕಿಂತ ಮುಂಚೆ. ಸ್ಥಳೀಯ ಇಮಾಮರ ಹಿಂದೆ ನಿಂತಾಗ ಮುಸಾಫಿರನಿಗೂ ನಾಲ್ಕು ರಕಅತ್ ಪೂರ್ತಿ. ಮೂರು ದಿನಗಳ ನಂತರ ನಾಲ್ಕು ರಕಅತ್ ನಿರ್ವಹಿಸಿದಾಗ ಮನೆಗೆ ಮರಳಿದಂತಾಯಿತು.

ಗಲ್ಲಿಗಳಲ್ಲಿ ಅಲೆದು ಒಂದು ಮಗ್ಗದ ಮನೆ ಹೊಕ್ಕೆವು. ವೃದ್ಧರೊಬ್ಬರು ನೇಯುತ್ತಿದ್ದರು. ನಮ್ಮಿಬ್ಬರಿಗೂ ಗೊತ್ತಿದ್ದ ಮಾತೆಂದರೆ ಸಲಾಮ್ ಒಂದೇ. ಕಡುಹಸಿರಿನ ಒಂದು ಶಾಲು ತೆಗೆದು ತೋರಿಸಿ, ಚೀಟಿಯಲ್ಲಿ 1,200 ಬಾತ್ ಎಂದು ಬರೆದರು. ನಮ್ಮ ಕೈ ತಾನಾಗಿಯೇ ಮೊಬೈಲಿಗೆ ಹೋಗಿ 600 ಒತ್ತಿತು.

ಅವರು ಸಿಟ್ಟಾಗಲಿಲ್ಲ, ನಗಲೂ ಇಲ್ಲ. ಅಂಕಿಯನ್ನು ನೋಡಿ ಸುಮ್ಮನೆ ಶಾಲನ್ನು ಮಡಚತೊಡಗಿದರು.

ಆ ಮೌನವನ್ನು ನಾವು ಬಲ್ಲೆವು. ಬಿಸಿನೀರಿನಲ್ಲಿ ಗೂಡುಗಳನ್ನು ತಡಕಿ ಎಳೆ ಹಿಡಿಯುತ್ತಿದ್ದ ತಂದೆಯವರ ಬೆರಳ ತುದಿಗಳು ಸದಾ ಬಿಳಿಚಿ ಬಿರಿದಿರುತ್ತಿದ್ದವು. ನೂಲು ಮಾರಿ ಬಂದ ಸಂಜೆ, ಬೆಲೆ ಮುರಿದಿದ್ದರೆ, ಟೋಪಿ ತೆಗೆದು ಮೊಳೆಗೆ ಹಾಕಿ ಹೀಗೆಯೇ ಮಾತಿಲ್ಲದೆ ಕೂರುತ್ತಿದ್ದರು. ಕಾಣದ ಆ ವ್ಯಾಪಾರಿಯನ್ನು ನಾವು ಬಾಲ್ಯದಲ್ಲಿ ಬಹಳ ದ್ವೇಷಿಸಿದ್ದೆವು. ಪುರುಷರಿಗೆ ರೇಷ್ಮೆ ನಿಷಿದ್ಧ, ಹಾಗಾಗಿ ತಂದೆಯವರು ಒಂದೆಳೆಯನ್ನೂ ಮೈಮೇಲೆ ಹಾಕಲಿಲ್ಲ. ತಾಯಿಯವರಿಗೆ ಕೊಡಿಸುವಷ್ಟು ಹಣ ಕೂಡಲಿಲ್ಲ.

ಚೌಕಾಶಿ ತಪ್ಪೇ? ಅಲ್ಲ. ಪ್ರವಾದಿ(ಸ)ಯವರು ಜಾಬಿರ್(ರ)ರವರ ಒಂಟೆಗೆ ಬೆಲೆ ಮಾತಾಡಿದರು. ಮದೀನಾ ತಲುಪಿದ ಮೇಲೆ ಬೆಲೆಯನ್ನೂ ಕೊಟ್ಟರು, ಒಂಟೆಯನ್ನೂ ಅವರಿಗೇ ಬಿಟ್ಟರು. ಈ ಹದೀಸನ್ನು ಮದ್ರಸದಲ್ಲಿ ವರ್ಷವರ್ಷವೂ ಪಾಠ ಮಾಡುವವರು ನಾವು. ಪಾಠದಲ್ಲಿ ಮೊದಲರ್ಧವನ್ನೇ ವಿಸ್ತರಿಸುತ್ತಿದ್ದೆವೇನೋ ಎಂದು ಅಲ್ಲಿ ನಿಂತಾಗ ಹೊಳೆಯಿತು. ವ್ಯವಹಾರದ ನಿಯಮಗಳು ಅದರಲ್ಲೇ ಇವೆ, ಪರೀಕ್ಷೆಗೆ ಬರುವುದೂ ಅದೇ.

ಮಗ್ರಿಬ್‌ನ ಅಝಾನ್ ಆಯಿತು. ವೃದ್ಧರು ಮಗ್ಗದಿಂದೆದ್ದು ಬಾಗಿಲೆಳೆದುಕೊಂಡು ನಮ್ಮೊಡನೆಯೇ ಮಸೀದಿಗೆ ಬಂದರು, ಸಫ್ಫಿನಲ್ಲಿ ನಮ್ಮ ಎಡಕ್ಕೆ ಭುಜ ತಾಗಿಸಿ ನಿಂತರು. ಸಲಾಮ್ ಹೇಳಿ ಕೈ ಕುಲುಕಿದಾಗ ನೋಡಿದೆವು: ಉಗುರುಗಳ ಸಂದಿಯಲ್ಲಿ ಹಸಿರು ಬಣ್ಣ. ಅವರೊಡನೆ ಮತ್ತೆ ಆ ಮನೆಗೆ ಹೋಗಿ 1,200 ಎಣಿಸಿಕೊಟ್ಟೆವು. ಪಟ್ಟಿಯಲ್ಲಿದ್ದ ಎರಡು ವಸ್ತುಗಳು ಹಾಗೆಯೇ ಉಳಿದವು.

ಇದೇ ಹಣಕ್ಕೆ ಚಿಕ್ಕಪೇಟೆಯಲ್ಲಿ ಎರಡು ಬರುತ್ತಿದ್ದವೆಂದು ಮನೆಯವರು ಹೇಳಿದರು. ಸರಿಯಿರಬಹುದು. ಮುಂದಿನ ವಾರ ಶಿಡ್ಲಘಟ್ಟಕ್ಕೆ ಹೋಗಿ ಶಾಲನ್ನು ತಾಯಿಯವರ ಮಡಿಲಲ್ಲಿಟ್ಟೆವು. ಅವರು ಅಂಚನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು, ಕಣ್ಣು ಮುಚ್ಚಿ, ಎಳೆಯನ್ನು ಉಜ್ಜಿ ನೋಡಿದರು. ಆಮೇಲೆ ಬಣ್ಣದ ಮಾತಿಲ್ಲ, ಊರಿನ ಮಾತಿಲ್ಲ, ಒಂದೇ ಪ್ರಶ್ನೆ: "ಬೆಲೆ ಮುರಿದೆಯಾ?"

ಮೊದಲು ಮುರಿದೆವು ಎಂದೆವು.